ಅಂಗಳವಿಲ್ಲದ ಮನೆಗೊಂದು ನಾಯಿ

ಒಂಟಿ ಸೀನು ಅಪಶಕುನ, ಜೋಡಿ ಸೀನಾದರೆ ದೋಷವಿಲ್ಲ ಎನ್ನುವುದು ನಮ್ಮ ಕುಂದಾಪುರದ ಕಡೆಯ ಲೆಕ್ಕ. ಹೊರಟ ಹೊತ್ತಿಗೆ ಯಾರಾದರೂ ಸೀನಿದರೆ ಮೆಟ್ಟಿಲ ಮೇಲೆ ಒಂದು ಗಳಿಗೆ ಕೂರಬೇಕು. ಎರಡನೆಯ ಸೀನು ಬರುತ್ತದೋ ಎಂದು ಕಾಯಬೇಕು. ಬಾರದಿದ್ದರೆ ಒಂದು ಗುಟುಕು ನೀರು ಕುಡಿದು ಹೊರಡಬೇಕು. ಈ ಶಾಸ್ತ್ರ ಮಾಡಿದವರು ನನ್ನ ಮಗಳನ್ನು ನೋಡಿರಲಿಲ್ಲ. ಬೆಳಿಗ್ಗೆ ಹಾಸಿಗೆಯಲ್ಲಿ ಎದ್ದು ಕೂತು ಶುರು ಮಾಡಿದಳೆಂದರೆ ಅವಳು ಒಂದಕ್ಕೂ ನಿಲ್ಲುವುದಿಲ್ಲ, ಎರಡಕ್ಕೂ ನಿಲ್ಲುವುದಿಲ್ಲ. ಏಳು, ಒಂಬತ್ತು, ಕೆಲವೊಮ್ಮೆ ಹನ್ನೊಂದು. ಬೆಸ ಸಂಖ್ಯೆಗೆ ನಿಂತರೆ ಶಕುನ ಯಾವ ಕಡೆಗೆ ಎಂದು ಊರಿಗೆ ಫೋನು ಮಾಡಿ ಕೇಳಿದೆ. "ಅಷ್ಟೆಲ್ಲ ಯಾರ್ ಎಣ್ಸುದು? ಕಷಾಯ ಮಾಡಿ ಕೊಡ್" ಎಂದು ಅಮ್ಮ ಫೋನಿಟ್ಟಳು.

ನಾವಿರುವುದು ಪವಾಯಿಯ ಚಾಂದಿವಲಿ ಮಗ್ಗುಲಲ್ಲಿ, ಐದನೆಯ ಮಹಡಿಯಲ್ಲಿ. ಪವಾಯಿ ಎಂದೊಡನೆ ಊರಿನವರಿಗೆ ಕೆರೆ, ದಡ, ತಂಪುಗಾಳಿ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಕೆರೆ ಇದೆ, ಇಲ್ಲ ಎನ್ನುವಂತಿಲ್ಲ. ಮುಂಬಯಿಗೆ ಕುಡಿಯುವ ನೀರು ಸಾಲದೆ ಬ್ರಿಟಿಷರು 1891ರಲ್ಲಿ ಕಟ್ಟಿಸಿದ್ದು. ಆ ನೀರು ಕುಡಿಯುವುದಕ್ಕೆ ಬಾರದೆಂದು ಎಂದೋ ಕೈಬಿಟ್ಟರು. ಈಗ ಅದರ ಮೈತುಂಬ ಅಂತರಗಂಗೆ, ಅಂತರಗಂಗೆಯ ಕೆಳಗೆ ಮೊಸಳೆ. ನಮ್ಮ ಕಿಟಕಿಗೆ ಮಾತ್ರ ಕಾಣುವುದು ಎದುರು ಕಟ್ಟಡದವರು ಬಟ್ಟೆ ಒಣಹಾಕುವ ಗ್ರಿಲ್ಲು. ಮಗಳ ಸೀನಿಗೆ ಕಾರಣ ಹೇಳದವರು ಈ ಕಟ್ಟಡದಲ್ಲಿ ಯಾರೂ ಇಲ್ಲ. ತರಕಾರಿಯವನ ಪ್ರಕಾರ ಮೆಟ್ರೋ ಕಾಮಗಾರಿಯ ಧೂಳು. ಮೂರನೆಯ ಮಹಡಿಯ ಗುಜರಾತಿ ಬೆಹೆನ್ ಪ್ರಕಾರ ರಾತ್ರಿಯ ಮೊಸರು. ಮನೆಗೆಲಸದ ಬಾಯಿ ಸಂಶಯವೇ ಇಲ್ಲದೆ ದೃಷ್ಟಿ ಎಂದಳು, ಹೇಳಿದ್ದಷ್ಟೇ ಅಲ್ಲ, ಮೆಣಸಿನಕಾಯಿ ನಿವಾಳಿಸಿ ಗ್ಯಾಸಿನ ಮೇಲೆ ಹಾಕಿಯೂಬಿಟ್ಟಳು. ಅವತ್ತು ಮನೆಯವರೆಲ್ಲರೂ ಸೀನಿದೆವು. ನನಗೆ ಅನುಮಾನವಿದ್ದದ್ದು ಮಳೆಗಾಲದ ಮೇಲೆ. ಜುಲೈಯಲ್ಲಿ ಕಪಾಟು ಸರಿಸಿದರೆ ಹಿಂದಿನ ಗೋಡೆಯೆಲ್ಲ ಕಪ್ಪು ಬೂಷ್ಟು, ಚಪ್ಪಲಿಗೆ ಬೂಷ್ಟು, ಇವರ ಮದುವೆಯ ಸೂಟಿನ ಕಾಲರಿಗೂ ಬೂಷ್ಟು.

ಇಂಥ ಮನೆಯಲ್ಲಿ, ಇಂಥ ಮೂಗು ಇಟ್ಟುಕೊಂಡು, ಮಗಳಿಗೆ ನಾಯಿ ಬೇಕು.

ನೆಲಕ್ಕೆ ಬಿದ್ದು ಹೊರಳಿ ಅತ್ತಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಇವಳದು ಅರ್ಜಿ ಗುಜರಾಯಿಸುವ ಕ್ರಮ. ಬ್ಯಾಂಕಿನವರ ಮಗಳಲ್ಲವೇ. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿತು. ಬೆಳಿಗ್ಗೆ ನಾಯಿಯನ್ನು ಕೆಳಗೆ ಕರೆದೊಯ್ಯುವುದು: ನಾನು. ಸಂಜೆ ಕರೆದೊಯ್ಯುವುದು: ನಾನು. ಸ್ನಾನ: ಪಪ್ಪ. ಕಕ್ಕ ಎತ್ತುವುದು: ಅಮ್ಮ. ಅಡಿಯಲ್ಲಿ ಮೂವರ ಸಹಿಗೂ ಗೆರೆ ಎಳೆದು ಬಿಟ್ಟಿದ್ದಳು. ಇವರು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಓದದೆ ಸಹಿ ಹಾಕಿ ಹೋದರು. ಜನರ ಸಾಲದ ಕಾಗದಗಳನ್ನು ದಿನವಿಡೀ ಓದುವವರು! ಸಂಜೆ ಬಂದು, "ಇದಕ್ಕೆ ಕಾನೂನಿನ ಬೆಲೆಯಿಲ್ಲ, ಸಾಕ್ಷಿಯ ಸಹಿ ಎಲ್ಲಿದೆ?" ಎಂದು ವಾದ ಮಾಡಿದರು. ಮರುದಿನ ಬೆಳಿಗ್ಗೆ ಸಾಕ್ಷಿಯ ಜಾಗದಲ್ಲಿ ಕೆಲಸದ ಬಾಯಿಯ ಹೆಬ್ಬೆಟ್ಟು ಇತ್ತು.

ಸಂಜೆ ಹೊತ್ತು ಅವಳನ್ನು ಹೀರಾನಂದಾನಿ ಕಡೆಗೆ ಕರೆದುಕೊಂಡು ಹೋಗುವುದೇ ಒಂದು ಸಾಹಸ. ಅಲ್ಲಿನ ಕಟ್ಟಡಗಳಿಗೆ ಗ್ರೀಕರ ಕಂಬ, ರೋಮಿನ ಕಮಾನು. ಫುಟ್‌ಪಾತಿನ ಮೇಲೆ ಸೈಬೀರಿಯಾದ ಹಸ್ಕಿ. ಅಕ್ಟೋಬರ್ ತಿಂಗಳ ಸೆಕೆಯಲ್ಲಿ, ಮೈತುಂಬ ಕಂಬಳಿ ಹೊದ್ದ ಆ ಪ್ರಾಣಿ ಏದುಸಿರು ಬಿಡುತ್ತ ನಡೆಯುವುದನ್ನು ನೋಡಿದರೆ ನಮಗೇ ಬೆವರು ಕಿತ್ತು ಬರುತ್ತದೆ. ಅದಕ್ಕೆಂದೇ ಮನೆಯಲ್ಲಿ ಹಗಲಿಡೀ ಎಸಿ ಹಾಕಿಡುತ್ತಾರಂತೆ. ನಾಯಿ ತಿರುಗಾಡಿಸುವುದಕ್ಕೆ ಸಂಬಳದ ಹುಡುಗರಿದ್ದಾರೆ, ಒಬ್ಬೊಬ್ಬನ ಕೈಯಲ್ಲಿ ನಾಲ್ಕೈದು ಹಗ್ಗ. ಮೋಕಾ, ಕುಕೀ, ಸಿಂಬಾ ಎಂದೆಲ್ಲ ಹೆಸರು. ಯಜಮಾನರು ಅವುಗಳೊಡನೆ ಇಂಗ್ಲಿಷಿನಲ್ಲೇ ಮಾತಾಡುವುದು. "ಸಿಟ್ ಬೇಬಿ, ಸಿಟ್" ಎಂದು ಅಂಗಲಾಚಿದರೂ ಬೇಬಿ ಕೂರುವುದಿಲ್ಲ. ಯಜಮಾನರು ತಿರುವಿನಲ್ಲಿ ಮರೆಯಾದದ್ದೇ ಹುಡುಗ "ಏ, ಚಲ್ ರೇ!" ಎನ್ನುತ್ತಾನೆ, ಐದೂ ನಾಯಿಗಳು ಸಾಲಾಗಿ ಹೊರಡುತ್ತವೆ. ಮಗಳು ಪ್ರತಿಯೊಂದನ್ನೂ ನಿಲ್ಲಿಸಿ, ತಲೆ ಸವರಿ, ಹೆಸರು ಕೇಳಿ ಬರುತ್ತಾಳೆ. ಮನೆ ಮುಟ್ಟುವಾಗ ಕಣ್ಣು ಕೆಂಪಾಗಿರುತ್ತದೆ. "ನಾಯಿಯಿಂದ ಅಲ್ಲಮ್ಮ, ಟ್ರಾಫಿಕ್ಕಿನ ಹೊಗೆ" ಎಂದು ಕೇಳುವ ಮೊದಲೇ ಉತ್ತರ.

ನಿಜಕ್ಕೂ ಯಾವುದರಿಂದ ಎಂದು ತಿಳಿಯಲು ಅಲರ್ಜಿಯ ಡಾಕ್ಟರ ಬಳಿಗೆ ಹೋದೆವು. ಪರೀಕ್ಷೆಗೆ ಮೊದಲು ಕೆಲವು ದಿನ ಸೆಟ್ರಿಜಿನ್ ನಿಲ್ಲಿಸಬೇಕು, ಇಲ್ಲವಾದರೆ ಚರ್ಮ ಸುಳ್ಳು ಹೇಳುತ್ತದೆ ಎಂದರು. ಆಮೇಲೆ ಒಂದು ಬೆಳಿಗ್ಗೆ ಅವಳ ಎರಡೂ ಮುಂಗೈಗಳ ಒಳಮೈ ಮೇಲೆ ಬಾಲ್‌ಪೆನ್ನಿನಿಂದ ಸಾಲಾಗಿ ಅಂಕಿ ಬರೆದರು. ಅಂಕಿಯ ಪಕ್ಕ ಒಂದೊಂದು ಹನಿ, ಹನಿಯ ಮೇಲಿಂದ ಒಂದು ಸಣ್ಣ ಮೊನೆಯಿಂದ ಚುಚ್ಚು. ಒಂದು ಹನಿ ಬರೀ ಉಪ್ಪುನೀರಿನದು, ಅದು ಏಳಬಾರದು. ಇನ್ನೊಂದು ಹಿಸ್ಟಮಿನ್, ಅದು ಏಳಲೇಬೇಕು. ನಡುವೆ ಧೂಳುನುಸಿ, ಬೂಷ್ಟು, ಹೂವಿನ ಪರಾಗ, ಜಿರಲೆ, ಬೆಕ್ಕು, ನಾಯಿ. ಹದಿನೈದು ನಿಮಿಷ ಕೈ ಚಾಚಿ ಕೂರಬೇಕು, ಕೆರೆದುಕೊಳ್ಳಕೂಡದು. ಆ ಹದಿನೈದು ನಿಮಿಷ ಇವರು ಬಾಯಿಂದ ಊದಿದರು, ನಾನು ಫೈಲಿನಿಂದ ಗಾಳಿ ಹಾಕಿದೆ, ಮಗಳು ಮಾತ್ರ ನಾಯಿಯ ಅಂಕಿಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. "ಏಳಬೇಡ, ಏಳಬೇಡ" ಎಂದು ಅದಕ್ಕೆ ಪಿಸುಗುಡುತ್ತಿದ್ದಳು. ಮೊದಲು ಎದ್ದದ್ದು ನುಸಿ, ಎಣ್ಣೆಗೆ ಬಿದ್ದ ಹಪ್ಪಳದ ಮೇಲೆ ಗುಳ್ಳೆ ಏಳುವ ಹಾಗೆ. ಅದರ ಬೆನ್ನಿಗೇ ಜಿರಲೆ. ನಾಯಿ ತಡಮಾಡಿ, ಚಿಕ್ಕದಾಗಿ ಎದ್ದಿತು. ಡಾಕ್ಟರು ಪಾರದರ್ಶಕ ಸ್ಕೇಲು ಇಟ್ಟು ಅಳೆದರು. ಉಪ್ಪುನೀರಿನ ಗುರುತಿಗಿಂತ ಮೂರು ಮಿಲಿಮೀಟರ್ ಹೆಚ್ಚಿದ್ದರೆ ಲೆಕ್ಕಕ್ಕುಂಟು. ಇದು ಲೆಕ್ಕಕ್ಕೆ ಬಂತು.

"ನುಸಿ ಇಷ್ಟು ದೊಡ್ಡದು, ಜಿರಲೆ ಇಷ್ಟು ದೊಡ್ಡದು" ಎಂದು ಮಗಳು ಕೈ ಮುಂದೆ ಹಿಡಿದಳು. "ಅವೆರಡೂ ನಮ್ಮ ಮನೆಯಲ್ಲೇ ಇವೆ. ಎಲ್ಲಕ್ಕಿಂತ ಸಣ್ಣದು ನಾಯಿ. ಅದು ಮಾತ್ರ ಬೇಡವಾ?" ಇವರು ನನ್ನ ಮುಖ ನೋಡಿದರು. ನಾನು ಡಾಕ್ಟರ ಮುಖ ನೋಡಿದೆ. ಡಾಕ್ಟರು ಪ್ರಿಸ್ಕ್ರಿಪ್ಷನ್ ಪ್ಯಾಡು ನೋಡಿದರು.

ಒಳ್ಳೆಯ ಡಾಕ್ಟರು, ಬಿಡಿಸಿ ಹೇಳಿದರು. ಕೂದಲಿನ ತಪ್ಪೇನೂ ಇಲ್ಲವಂತೆ. ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ, ಮೂತ್ರದಲ್ಲಿ ಇರುವ ಕೆಲವು ಪ್ರೋಟೀನುಗಳೇ ಅಪರಾಧಿಗಳು. ಮುಖ್ಯವಾದದ್ದಕ್ಕೆ ಕ್ಯಾನ್ ಎಫ್ 1 ಎಂದು ಹೆಸರು. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಜೊಲ್ಲು ಒಣಗುತ್ತದೆ, ಹೊಟ್ಟಿನ ಜೊತೆ ಹಾರುತ್ತದೆ. ಗಾಳಿಯಲ್ಲಿ ತಾಸುಗಟ್ಟಲೆ ತೇಲುತ್ತದೆ, ಬಟ್ಟೆಗೆ ಅಂಟಿ ನಾಯಿಯೇ ಇಲ್ಲದ ಶಾಲೆಗೂ ಬ್ಯಾಂಕಿಗೂ ಹೋಗುತ್ತದೆ. ಕ್ಯಾನ್ ಎಫ್ 5 ಎಂಬ ಇನ್ನೊಂದಿದೆ, ಅದು ಹುಟ್ಟುವುದು ಗಂಡುನಾಯಿಯ ಪ್ರಾಸ್ಟೇಟಿನಲ್ಲಿ. ಕೆಲವರಿಗೆ ಅದೊಂದೇ ಆಗದಿರುವುದೂ ಉಂಟು. ಅಂಥವರು ಹೆಣ್ಣುನಾಯಿಯ ಜೊತೆ ಆರಾಮಾಗಿರುತ್ತಾರೆ. "ಮನೆಮನೆಯ ಕಥೆ" ಎಂದು ನಾನು ಬಾಯ್ತಪ್ಪಿ ಅಂದೆ. ಇವರು ನಗಲಿಲ್ಲ. ಯಾವುದೇ ನಾಯಿ ತರುವ ಮೊದಲು ಅದೇ ನಾಯಿಯ ಜೊತೆ ಮಗು ಸ್ವಲ್ಪ ಕಾಲ ಕಳೆಯಲಿ, ಉಬ್ಬಸ ಬಂದರೆ ಅದೇ ಉತ್ತರ ಎಂದು ಡಾಕ್ಟರು ಎಬ್ಬಿಸಿದರು.

ಆಮೇಲೆ ಸಲಹೆಗಳ ಸುರಿಮಳೆ. ಇವರ ಬ್ಯಾಂಕಿನಲ್ಲಿ ಒಬ್ಬರು, ಅಲರ್ಜಿಯೇ ಆಗದ ನಾಯಿ ಸಿಗುತ್ತದೆ ಎಂದರು. ಅಮೆರಿಕದ ಅಧ್ಯಕ್ಷರ ಮನೆಯ ಉದಾಹರಣೆಯನ್ನೇ ಕೊಟ್ಟರು. ಒಬಾಮಾ ಅವರ ದೊಡ್ಡ ಮಗಳಿಗೆ ಅಲರ್ಜಿ ಇದ್ದದ್ದರಿಂದ 2009ರಲ್ಲಿ ಶ್ವೇತಭವನಕ್ಕೆ ಬಂದದ್ದು ಬೋ ಎಂಬ ಪೋರ್ಚುಗೀಸ್ ವಾಟರ್ ಡಾಗ್. ಸೆನೆಟರ್ ಟೆಡ್ ಕೆನಡಿ ಕೊಟ್ಟ ಉಡುಗೊರೆ ಅದು. ನಮಗೆ ಸೆನೆಟರುಗಳ ಪರಿಚಯವಿರಲಿಲ್ಲ. ಲ್ಯಾಬ್ರಡೂಡಲ್ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಆಸ್ಟ್ರೇಲಿಯಾದಲ್ಲಿ ಕುರುಡರಿಗೆ ದಾರಿ ತೋರಿಸುವ ನಾಯಿಗಳನ್ನು ತಯಾರು ಮಾಡುವ ಸಂಸ್ಥೆಯಲ್ಲಿ ವಾಲಿ ಕಾನ್ರನ್ ಎಂಬವರಿದ್ದರು. ಹವಾಯಿಯ ಒಬ್ಬ ಕುರುಡು ಹೆಂಗಸಿಗೆ ನಾಯಿ ಬೇಕು, ಅವಳ ಗಂಡನಿಗೆ ನಾಯಿ ಆಗದು. ಕಾನ್ರನ್ ಲ್ಯಾಬ್ರಡಾರಿಗೂ ಪೂಡಲ್‌ಗೂ ಸಂಬಂಧ ಬೆಳೆಸಿ 1989ರಲ್ಲಿ ಮೂರು ಮರಿ ಪಡೆದರು. ಮರಿಗಳ ಜೊಲ್ಲನ್ನೂ ಕೂದಲನ್ನೂ ಹವಾಯಿಗೆ ಕಳಿಸಿ, ಆ ಗಂಡನ ಮೇಲೆ ಪ್ರಯೋಗ ಮಾಡಿಸಿದರು. ಮೂರರಲ್ಲಿ ಅವನಿಗೆ ಒಗ್ಗಿದ್ದು ಒಂದು. ಉಳಿದ ಎರಡನ್ನು ಎಲ್ಲರೂ ಮರೆತರು, ತಳಿಯ ಹೆಸರು ಮಾತ್ರ ಲೋಕಪ್ರಸಿದ್ಧವಾಯಿತು. ಇಂಥದ್ದೊಂದನ್ನು ಯಾಕಾದರೂ ಶುರು ಮಾಡಿದೆನೋ ಎಂದು ಮುಪ್ಪಿನಲ್ಲಿ ಆ ಮನುಷ್ಯರೇ ಪೇಚಾಡಿಕೊಂಡರಂತೆ. ಹೆಂಡತಿಗೆ ನಾಯಿ ಬೇಕೆಂದು ಅಂಚೆಯಲ್ಲಿ ಬಂದ ಜೊಲ್ಲಿಗೆ ಮೂಗೊಡ್ಡಿ ಕೂತ ಆ ಗಂಡನ ಮೇಲೆ ನನಗೆ ಬಹಳ ಗೌರವ. ಇವರಿಗೂ ಈ ಕಥೆ ಹೇಳಿದೆ. ಈ ಸಲವೂ ನಗಲಿಲ್ಲ.

ಇವರು ಬಾಗಲಕೋಟೆ ಕಡೆಯವರು. ಹಾಗಾಗಿ ವಿಷಯ ಬಿಳಗಿಯಲ್ಲಿರುವ ಕಾಕಾನ ಕಿವಿಗೆ ಬೀಳುವುದು ತಡವಾಗಲಿಲ್ಲ. "ಏ ತಮ್ಮಾ, ನಿಮ್ಮ ಮುಂಬೈ ನಾಯಿ ಬಿಡು. ಮುಧೋಳ ನಾಯಿ ತಗೊ. ಮೈಮ್ಯಾಲ ಕೂದಲಾನ ಇಲ್ಲ, ಅಲರ್ಜಿ ಎಲ್ಲಿಂದ ಬರತೈತಿ?" ಕ್ಯಾನ್ ಎಫ್ 1 ಎಂದು ಇವರು ವಿವರಿಸಲು ಹೋದರು. ಕಾಕಾ ಕೇಳುವವರಲ್ಲ. ಮುಧೋಳದ ಘೋರ್ಪಡೆ ಮಹಾರಾಜರು ಐದನೆಯ ಜಾರ್ಜ್ ದೊರೆಗೆ ಈ ನಾಯಿಯನ್ನು ಕಾಣಿಕೆ ಕೊಟ್ಟದ್ದು, ಅಂಚೆ ಇಲಾಖೆ 2005ರಲ್ಲಿ ಇದರ ಚಿತ್ರದ ಸ್ಟಾಂಪು ತಂದದ್ದು, 2016ರಲ್ಲಿ ಸೇನೆಯವರು ತರಬೇತಿಗೆಂದು ಮರಿಗಳನ್ನು ಮೀರತ್ತಿಗೆ ಒಯ್ದದ್ದು, ಇವೆಲ್ಲ ಆದ ಮೇಲೆ, ತಿಮ್ಮಾಪುರದ ಸಂಶೋಧನಾ ಕೇಂದ್ರದಲ್ಲಿ ಹೇಳಿ ಮರಿ ಕೊಡಿಸುತ್ತೇನೆ, ಸಂಕ್ರಾಂತಿಗೆ ನಾನೇ ತರುತ್ತೇನೆ ಎಂದರು. ನಾನು ಮುಧೋಳ ನಾಯಿ ಓಡುವುದನ್ನು ಕಂಡಿದ್ದೇನೆ. ಕಬ್ಬಿನ ಗದ್ದೆಯ ಅಂಚಿನಲ್ಲಿ ಮೊಲದ ಹಿಂದೆ ಬಿದ್ದಿತ್ತು. ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟಿದ್ದವು, ಬೆನ್ನು ಬಾಗಿ ಬಿಲ್ಲಾಗಿ ಮತ್ತೆ ನೆಟ್ಟಗಾಗುತ್ತಿತ್ತು. ಅಂಥದ್ದನ್ನು ನಮ್ಮ ಎರಡು ಕೋಣೆಯ ಮನೆಯಲ್ಲಿ ಬಿಟ್ಟರೆ, ಅಡುಗೆಮನೆಯಲ್ಲಿ ಕಾಲೆತ್ತಿದ್ದು ಬಾಲ್ಕನಿಯಲ್ಲಿ ಊರುತ್ತದೆ. ಕಾಕಾನಿಗೆ ಸಂಕ್ರಾಂತಿ ಬೇಡ, ಯುಗಾದಿಗೆ ನೋಡೋಣ ಎಂದೆವು.

ನನ್ನ ಅಮ್ಮ ಮಾತ್ರ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದಳು. "ಅಂಗ್ಳ ಇಲ್ದಿದ್ ಮನೀಗ್ ನಾಯಿ ಎಂತಕ್?"

ನಮ್ಮ ಊರಿನ ಮನೆಯಲ್ಲಿ ನಾಯಿ ಇಲ್ಲದ ದಿನವಿರಲಿಲ್ಲ. ಹೆಸರು ದಾಸು. ಒಂದು ದಾಸು ಸತ್ತರೆ ಬರುವ ಮುಂದಿನ ಮರಿಯೂ ದಾಸು. ಹೊಸ ಹೆಸರು ಇಟ್ಟರೆ ಕರೆಯುವ ಬಾಯಿಗೆ ಅಭ್ಯಾಸವಾಗುವುದಿಲ್ಲ ಎಂದು ಅಜ್ಜಿಯ ಸಮಜಾಯಿಷಿ. ದಾಸುವಿನ ರಾಜ್ಯ ಅಂಗಳ, ಕೊಟ್ಟಿಗೆ, ಹೆಚ್ಚೆಂದರೆ ಜಗಲಿಯ ಕೆಳಮೆಟ್ಟಿಲು. ಹೊಸ್ತಿಲು ದಾಟಬಾರದೆಂದು ಅದಕ್ಕೆ ಯಾರೂ ಕಲಿಸಿದ ನೆನಪಿಲ್ಲ. ದಾಟಿದ್ದೂ ನೆನಪಿಲ್ಲ. ಬಾಗಿಲು ಹಾರುಹೊಡೆದಿದ್ದರೂ ಮುಂಗಾಲುಗಳನ್ನು ಹೊಸ್ತಿಲಿಗೆ ತಾಗಿಸಿಟ್ಟು, ಮೂತಿಯನ್ನು ಮಾತ್ರ ಒಂದು ಗೇಣು ಒಳಗೆ ಚಾಚಿ, ಮೀನು ಹುರಿಯುವ ವಾಸನೆ ಕುಡಿಯುತ್ತ ನಿಂತಿರುತ್ತಿತ್ತು. ಅದಕ್ಕೆ ತೆಂಗಿನಬುಡದಲ್ಲಿ ಒಂದು ಕಲ್ಲಿನ ಮರಿಗೆ, ಅದರಲ್ಲಿ ಉಳಿದ ಗಂಜಿ, ಬಂಗುಡೆಯ ತಲೆ. ಸ್ನಾನ ಮಳೆಗಾಲದಲ್ಲಿ ತಾನಾಗಿಯೇ ಆಗುತ್ತಿತ್ತು. ಅದನ್ನು ನಾವು ಎತ್ತಿಕೊಂಡವರಲ್ಲ, ಮುದ್ದಿಸಿದವರಲ್ಲ. ಆದರೆ ಶಾಲೆಗೆ ಹೋಗುವಾಗ ಸಂಕದವರೆಗೆ ಬಂದು, ಸಂಜೆ ಅದೇ ಸಂಕದ ಹತ್ತಿರ ಕೂತಿರುತ್ತಿತ್ತು. ಒಬ್ಬಿಬ್ಬರು ದಾಸುಗಳು ಚಿರತೆಯ ಪಾಲಾದರು. ಬೆಳಿಗ್ಗೆ ಎದ್ದಾಗ ಅಂಗಳದಲ್ಲಿ ಎಳೆದುಕೊಂಡು ಹೋದ ಗುರುತು. ಅಜ್ಜಿ ಅದರ ಮೇಲೆ ಸಗಣಿನೀರು ಹಾಕಿ ಸಾರಿಸಿಬಿಡುತ್ತಿದ್ದಳು.

ಇದೇ ಮನೆಯಲ್ಲಿ ಅಜ್ಜನಿಗೆ ದಮ್ಮು. ರಾತ್ರಿಯಿಡೀ ಜಗಲಿಯ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತು ಉಸಿರು ಎಳೆಯುತ್ತಿದ್ದರು. ಕೆಳಗೆ ಮೆಟ್ಟಿಲಲ್ಲಿ ದಾಸು ಮಲಗಿರುತ್ತಿತ್ತು. ದಮ್ಮಿಗೆ ಅಜ್ಜ ಬಾಳೆಹಣ್ಣನ್ನು ಬೈದರು, ಮೋಡವನ್ನು ಬೈದರು, ಕೊಯ್ಲಿನ ಕಾಲದ ಹುಲ್ಲಿನ ಧೂಳನ್ನು ಬೈದರು, ಅಜ್ಜಿಯ ತವರಿನವರನ್ನೂ ಬಿಡಲಿಲ್ಲ. ನಾಯಿಯನ್ನು ಮಾತ್ರ ಯಾರೂ ಸಂಶಯಿಸಲಿಲ್ಲ. ಒಂದು ವರ್ಷ ಯಾರದೋ ಮಾತು ಕೇಳಿ ಮೃಗಶಿರಾ ಮಳೆಗೆ ಸರಿಯಾಗಿ ಹೈದರಾಬಾದಿಗೆ ಹೊರಟರು. ಅಲ್ಲಿ ಬತ್ತಿನಿ ಮನೆತನದವರು ಜೀವಂತ ಮೀನುಮರಿಯ ಬಾಯಿಗೆ ಹಳದಿ ಔಷಧಿ ತುಂಬಿ ರೋಗಿಗಳಿಗೆ ನುಂಗಿಸುತ್ತಾರಲ್ಲ, ಆ ಜಾತ್ರೆಗೆ. ಸಾವಿರಾರು ಜನರ ಸಾಲಿನಲ್ಲಿ ರಾತ್ರಿ ಕಳೆದು, ಕೊರವ ಮೀನಿನ ಮರಿ ನುಂಗಿ ಬಂದರು. ದಮ್ಮು ಕಡಿಮೆಯಾಯಿತೇ ಎಂದು ಕೇಳಿದವರಿಗೆಲ್ಲ ಅಜ್ಜನ ಉತ್ತರ ಒಂದೇ: "ಮೀನ್ ತಾಜಾ ಇತ್ತ್." ಕರಾವಳಿಯ ಮನುಷ್ಯ ಮೀನಿನ ಬಗ್ಗೆ ಅಷ್ಟಾದರೂ ಹೇಳದೆ ಬಿಡುವುದುಂಟೇ.

ಇಲ್ಲಿ ಪವಾಯಿಯಲ್ಲಿ ಜಗಲಿಯಿಲ್ಲ. ಬಾಗಿಲ ಒಳಗೆ ಮನೆ, ಬಾಗಿಲ ಹೊರಗೆ ಲಿಫ್ಟು. ಲಿಫ್ಟಿನಲ್ಲಿ ಸೆಕ್ರೆಟರಿಯ ನೋಟೀಸು. ನಾಯಿಗಳಿಗೆ ಪ್ರವೇಶವಿಲ್ಲ, ಸರ್ವಿಸ್ ಲಿಫ್ಟ್ ಬಳಸತಕ್ಕದ್ದು. ನಮ್ಮ ಕಟ್ಟಡಕ್ಕೆ ಇರುವುದು ಒಂದೇ ಲಿಫ್ಟು. ನಾವಿನ್ನೂ ನಾಯಿ ತಂದಿರಲಿಲ್ಲ, ವಿಷಯ ಆಗಲೇ ಸೊಸೈಟಿಯ ಸಭೆಗೆ ಹೋಗಿತ್ತು. ಎಂಟನೆಯ ಮಹಡಿಯ ಪಾರ್ಸಿ ಅಜ್ಜಿ ನಮ್ಮ ಪರ ವಕಾಲತ್ತು ವಹಿಸಿದರು. ನಾಯಿ ಸಾಕುವುದನ್ನು ಯಾವ ಸೊಸೈಟಿಯೂ ನಿಷೇಧಿಸುವಂತಿಲ್ಲ, ಲಿಫ್ಟು ತಡೆಯುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ತಂದಿದ್ದರು. ಅದಕ್ಕೂ ಸೆಕ್ರೆಟರಿ ಬಗ್ಗದಿದ್ದಾಗ ಅಜ್ಜಿ ಇತಿಹಾಸಕ್ಕಿಳಿದರು. 1832ರ ಜೂನ್ ತಿಂಗಳಲ್ಲಿ ಬೊಂಬಾಯಿಯ ಬೀದಿನಾಯಿಗಳನ್ನು ಕೊಲ್ಲಲು ಕಂಪನಿ ಸರ್ಕಾರ ಹೊರಟಾಗ ಪಾರ್ಸಿಗಳು ಕೋಟೆಯ ಪೇಟೆಯನ್ನೆಲ್ಲ ಬಂದ್ ಮಾಡಿಸಿ, ಕೊಲಾಬಾದ ಬಿಳಿ ಸೋಲ್ಜರುಗಳಿಗೆ ಬ್ರೆಡ್ಡೂ ಸಿಗದ ಹಾಗೆ ಮಾಡಿದ್ದರು ಎಂದು, ಹೋದ ವಾರ ನಡೆದ ಜಗಳ ಹೇಳುವ ಧಾಟಿಯಲ್ಲಿ ಹೇಳಿ, "ನೆನಪಿರಲಿ" ಎಂದು ಕೂತರು. ಸೆಕ್ರೆಟರಿ ಮಿನಿಟ್ಸಿನಲ್ಲಿ ಅದನ್ನೆಲ್ಲ ಬರೆದುಕೊಂಡರೋ ತಿಳಿಯದು.

ಡಾಕ್ಟರು ಹೇಳಿದ್ದ ಪರೀಕ್ಷೆಗೆ ಅವಕಾಶ ತಾನಾಗಿ ಬಂತು. ಇವರ ಸಹೋದ್ಯೋಗಿ ಊರಿಗೆ ಹೋಗುವಾಗ ತಮ್ಮ ಪೂಡಲನ್ನು ನಮ್ಮಲ್ಲಿ ಬಿಟ್ಟರು. ಪೂಡಲ್ ಎಂದರೆ ಅಲರ್ಜಿಯವರ ಪಾಲಿಗೆ ಪರಮ ಪವಿತ್ರ ಎಂದು ಖ್ಯಾತಿ. ಕೂದಲು ಉದುರುವುದಿಲ್ಲ. ಸಭ್ಯ ನಾಯಿ. ಸೋಫಾ ಏರಿ, ಮುಂಗಾಲು ಮಡಚಿ, ಟೀವಿ ನೋಡುತ್ತ ಕೂತಿತು. ಮಗಳ ಮುಖದಲ್ಲಿ ಅವತ್ತು ಕಂಡದ್ದನ್ನು ನಾನು ಅವಳು ಶಾಲೆಯಲ್ಲಿ ಬಹುಮಾನ ತಂದ ದಿನವೂ ಕಂಡಿರಲಿಲ್ಲ. ಒಂದು ರಾತ್ರಿ ಸುಖವಾಗಿ ಕಳೆಯಿತು. ಮರುದಿನದ ನಡುರಾತ್ರಿ ಎಚ್ಚರವಾದಾಗ ಕೋಣೆಯಲ್ಲಿ ಸಣ್ಣಗೆ ಸಿಳ್ಳೆ. ಕುಕ್ಕರಿನದಲ್ಲ, ಅವಳ ಎದೆಯದು. ಅಜ್ಜನ ಎದೆಯಿಂದ ಕೇಳಿ ಪರಿಚಯವಿದ್ದ ಶಬ್ದ. ನೀಲಿ ಆಸ್ತಾಲಿನ್ ಪಂಪನ್ನು ಸ್ಪೇಸರಿಗೆ ಸಿಕ್ಕಿಸಿ ಬಾಯಿಗೆ ಹಿಡಿದೆವು. ಭುಜ ಏರಿಳಿಯುವುದು ನಿಧಾನವಾಗಿ ಕಡಿಮೆಯಾಯಿತು. ಪೂಡಲ್ ಬಾಗಿಲ ಹೊರಗೆ ಕೂತು ನೋಡುತ್ತಿತ್ತು. ಮಗಳು ಸ್ಪೇಸರಿನಿಂದ ಬಾಯಿ ತೆಗೆದು ಹೇಳಿದ ಮೊದಲ ಮಾತು, "ಅದಕ್ಕೆ ಬೈಬೇಡಿ."

ಪೂಡಲ್ ಹೋಯಿತು, ಅದರ ಪ್ರೋಟೀನು ಹೋಗಲಿಲ್ಲ. ನಾಯಿ ಮನೆ ಬಿಟ್ಟರೂ ಅದು ತಿಂಗಳುಗಟ್ಟಲೆ ಉಳಿಯುತ್ತದೆಯಂತೆ. ಇವರು ಪರದೆ ಒಗೆದರು, ದಿಂಬು ಒಗೆದರು, ಸೋಫಾದ ಸಂದಿಯನ್ನೆಲ್ಲ ವ್ಯಾಕ್ಯೂಮ್ ಮಾಡಿದರು. ಆ ಅಬ್ಬರಕ್ಕೆ ನುಸಿಗಳೂ ಹೋದವೇನೋ, ಅವಳ ಬೆಳಗಿನ ಸೀನು ಐದಕ್ಕೆ ಇಳಿಯಿತು. ಫ್ರಿಜ್ಜಿನ ಮೇಲಿನ ಕಾಗದವನ್ನು ಅವಳೇ ಕಿತ್ತಳು. ಹರಿಯಲಿಲ್ಲ, ಮಡಿಸಿ ಕಂಪಾಸು ಪೆಟ್ಟಿಗೆಯಲ್ಲಿಟ್ಟಳು.

ಲಾಲಿ ಯಾವಾಗ ಬಂದಳೆಂದು ಯಾರಿಗೂ ಗೊತ್ತಿಲ್ಲ. ಬಹುಶಃ ನಮಗಿಂತ ಮೊದಲೇ ಇದ್ದಳು. ಕೆಂಚು ಬಣ್ಣದ ಬೀದಿನಾಯಿ. ಎಡಗಿವಿಯ ತುದಿಯಲ್ಲಿ ಸಣ್ಣ ಕಚ್ಚು, ಸಂತಾನಹರಣ ಮಾಡಿ ಬಿಟ್ಟದ್ದರ ಗುರುತು. ವಾಚ್‌ಮನ್ನನ ಕ್ಯಾಬಿನ್ನಿನ ಹಿಂದೆ, ಪಂಪ್ ರೂಮಿನ ಮಗ್ಗುಲಲ್ಲಿ ಅವಳ ವಾಸ. ಮಗಳು ಶಾಲೆಯ ಬಸ್ಸಿಗೆ ಕಾಯುವಾಗ ಪರಿಚಯವಾಗಿ, ಟಿಫಿನ್ನಿನ ಚಪಾತಿಯ ಮೂಲಕ ಸಂಬಂಧ ಬಲಿತದ್ದು ನನಗೆ ತಡವಾಗಿ ತಿಳಿಯಿತು. ತಡೆಯುವುದೋ ಬಿಡುವುದೋ ಎಂದು ಡಾಕ್ಟರಿಗೆ ಫೋನು ಮಾಡಿದರೆ, ಬಯಲಿನಲ್ಲಿ ಗಾಳಿ ಆಡುತ್ತದೆ, ಮುಖಕ್ಕೆ ಮುಖ ತಾಗಿಸದಿರಲಿ, ಆಮೇಲೆ ಬಟ್ಟೆ ಬದಲಿಸಿ ಕೈಕಾಲು ತೊಳೆಯಲಿ ಎಂದರು. ಹೆಣ್ಣುನಾಯಿ ಎಂಬುದನ್ನು ಇವರು ವೈಜ್ಞಾನಿಕವಾಗಿ ಒತ್ತಿ ಹೇಳಿದರು. ಈಗ ಅದಕ್ಕೆಂದೇ ಹಳೆಯ ಫ್ರಾಕೊಂದು ಬಾಗಿಲ ಹಿಂದೆ ಚೀಲದಲ್ಲಿದೆ. ಕೆಳಗಿಳಿಯುವಾಗ ಅದನ್ನು ಹಾಕಿಕೊಳ್ಳುವುದು, ಬಂದು ನೇರ ಬಚ್ಚಲಿಗೆ. ಊರಿನಲ್ಲಿ ಹೊಲಕ್ಕೆ ಹೋಗಿ ಬಂದವರು ಕಾಲು ತೊಳೆದು ಒಳಗೆ ಬರುತ್ತಿದ್ದ ಶಿಸ್ತು ಐದನೆಯ ಮಹಡಿಗೆ ಬಂದದ್ದು ಹೀಗೆ.

ಅಮ್ಮ ಮತ್ಸ್ಯಗಂಧದಲ್ಲಿ ಬಂದು ಕುರ್ಲಾದಲ್ಲಿ ಇಳಿದಳು, ಕುಚ್ಚಲಕ್ಕಿಯ ಚೀಲ, ಒಣಮೀನಿನ ಕಟ್ಟು ಸಮೇತ. ಮರುದಿನವೇ ಮೊಮ್ಮಗಳು ಕೆಳಗೆ ಕರೆದುಕೊಂಡು ಹೋಗಿ ಲಾಲಿಯನ್ನು ತೋರಿಸಿದಳು. ಅಮ್ಮ ಸೊಂಟಕ್ಕೆ ಕೈಕೊಟ್ಟು ಅವಳನ್ನೂ ಪಂಪ್ ರೂಮನ್ನೂ ನೋಡಿದಳು, ಗೇಟಿನವರೆಗೆ ಇದ್ದ ಸಿಮೆಂಟಿನ ಜಾಗವನ್ನು ಕಣ್ಣಲ್ಲೇ ಅಳೆದಳು. "ಅಂಗ್ಳ ಇತ್ತಲ್ಲೆ ಇಲ್ಲಿ!" ಎಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಗಂಜಿ ಉಳಿಯತೊಡಗಿತು. ಬಂಗುಡೆಯ ತಲೆ ಕಸದ ಡಬ್ಬಿಗೆ ಹೋಗುವುದು ನಿಂತಿತು. ಅಮ್ಮನಿಗೆ ಹಿಂದಿ ಬಾರದು, ವಾಚ್‌ಮನ್ನನಿಗೆ ಕನ್ನಡ ಬಾರದು. ಇಬ್ಬರೂ ದಿನಾ ಅರ್ಧ ತಾಸು ಲಾಲಿಯ ಆರೋಗ್ಯದ ಬಗ್ಗೆ ಮಾತಾಡುತ್ತಿದ್ದರು. ರಾತ್ರಿ ಅವಳನ್ನು ಹೊರಗೆ ಬಿಡಬೇಡ ಎಂದು ವಾಚ್‌ಮನ್ನನಿಗೆ ಅಮ್ಮ ಸನ್ನೆ ಮಾಡಿ, ಉಗುರು ತೋರಿಸಿ, ಗುರ್ ಎಂದದ್ದನ್ನು ಕಂಡು ನಾನು ನಕ್ಕಿದ್ದೆ. ವಾಚ್‌ಮನ್ ನಗಲಿಲ್ಲ. ನ್ಯಾಷನಲ್ ಪಾರ್ಕಿನ ಚಿರತೆಗಳು ಆರೆ ಕಾಲೊನಿ ದಾಟಿ ಐಐಟಿಯ ಕ್ಯಾಂಪಸ್ಸಿನವರೆಗೆ ಬರುವುದು, ಬಂದರೆ ಮೊದಲು ಹುಡುಕುವುದು ನಾಯಿಯನ್ನೇ ಎಂಬುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ರಾತ್ರಿ ಗೇಟು ಹಾಕುವಾಗ ಲಾಲಿಯನ್ನು ಒಳಗೆ ಕರೆದುಕೊಳ್ಳುವುದು ಅವನ ಹಳೆಯ ಪದ್ಧತಿಯೇ ಆಗಿತ್ತು.

ಸೆಕ್ರೆಟರಿಯ ಹೊಸ ನೋಟೀಸು ಬಂತು: ಆವರಣದಲ್ಲಿ ಬೀದಿನಾಯಿಗಳಿಗೆ ಅನ್ನ ಹಾಕಕೂಡದು. ಪಾರ್ಸಿ ಅಜ್ಜಿ ಮತ್ತೊಂದು ಲ್ಯಾಮಿನೇಟ್ ತಂದರು. 2023ರ ನಿಯಮದಂತೆ ಆವರಣದ ನಾಯಿಗೆ ಅನ್ನ ಹಾಕುವ ಜಾಗವನ್ನು ಗೊತ್ತು ಮಾಡಬೇಕಾದವರು ಸೊಸೈಟಿಯವರೇ, ಅದು ಮಕ್ಕಳು ಆಡುವ ಜಾಗದಿಂದಲೂ ಹೋಗಿಬರುವ ದಾರಿಯಿಂದಲೂ ದೂರವಿರಬೇಕು. ಪಂಪ್ ರೂಮಿನ ಹಿಂಬದಿ ಎಂದು ತೀರ್ಮಾನವಾಯಿತು. ಅದು ಮೊದಲಿನಿಂದಲೂ ಅಲ್ಲೇ ಇತ್ತು.

ಮೊನ್ನೆ ಎಲ್ಲರಿಂದ ವಂತಿಗೆ ಎತ್ತಿ ರೇಬೀಸ್ ಲಸಿಕೆ ಹಾಕಿಸಲು ಪಶುವೈದ್ಯರನ್ನು ಕರೆಸಿದೆವು. ಅಮ್ಮ ಲಾಲಿಯ ತಲೆ ಹಿಡಿದಳು, ವಾಚ್‌ಮನ್ ಸೊಂಟ ಹಿಡಿದ. ಚುಚ್ಚಿದ್ದೇ ಗೊತ್ತಾಗಲಿಲ್ಲ. ಗೊಂದಲವಾದದ್ದು ಆಮೇಲೆ, ಲಸಿಕೆಯ ಪುಸ್ತಕದಲ್ಲಿ ಮಾಲೀಕರ ಹೆಸರು ಬರೆಯುವಾಗ. "ಸೊಸಾಯಿಟಿ ಕೀ ಹೈ ಸಾಬ್" ಎಂದ ವಾಚ್‌ಮನ್. ಸೊಸೈಟಿ ಸಹಿ ಹಾಕುವುದಿಲ್ಲ, ಮನುಷ್ಯರು ಬೇಕು ಎಂದರು ವೈದ್ಯರು. ಮಗಳು ಕೈಯೆತ್ತಿದಳು, ವಯಸ್ಸು ಸಾಲದು. ಪಾರ್ಸಿ ಅಜ್ಜಿ, ನನ್ನ ಹೆಸರು ಹಾಕಿದರೆ ನಾಯಿ ಬೇಗ ಅನಾಥವಾದೀತು ಎಂದರು. ಇವರು ಈ ಸಲ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದತೊಡಗಿದರು. ಅಷ್ಟರಲ್ಲಿ ಬೆಳಗಿನ ವಾಕಿಂಗ್ ಮುಗಿಸಿದ ಸೆಕ್ರೆಟರಿ ಗುಂಪು ಕಂಡು ಹತ್ತಿರ ಬಂದರು. ಜೇಬಿನಲ್ಲಿ ಪೆನ್ನು ಇದ್ದವರು ಅವರೊಬ್ಬರೇ. ವೈದ್ಯರು ಪುಸ್ತಕ ಮುಂದೆ ಹಿಡಿದು "ಇಲ್ಲಿ" ಎಂದರು. ಚುಕ್ಕಿಗೆರೆ ಕಂಡರೆ ಕೈ ತಡೆಯದ ಮನುಷ್ಯ. ಸಹಿ ಹಾಕಿ, ಕೆಳಗೆ ಆನರರಿ ಸೆಕ್ರೆಟರಿ ಎಂದು ಬರೆದು, ತಾರೀಕು ಹಾಕಿದ ಮೇಲೆ ಮೇಲಿನ ಸಾಲು ಓದಿದರು. ಮುಖ ಸ್ವಲ್ಪ ಕೆಂಪಾಯಿತು. ಪೆನ್ನಿನ ಟೊಪ್ಪಿ ಹಾಕುತ್ತ, "ಆದರೆ ಲಿಫ್ಟಿನಲ್ಲಿ ಮಾತ್ರ ಬರಕೂಡದು" ಎಂದರು. ಲಾಲಿ ಅಷ್ಟರೊಳಗೆ ಅವರ ಬಲಗಾಲಿನ ಬೂಟಿನ ಲೇಸು ಪೂರ್ತಿ ಬಿಚ್ಚಿ ಮುಗಿಸಿ, ಎಡಗಾಲಿಗೆ ಬಾಯಿ ಹಾಕಿದ್ದಳು.